ಗಡಿನಾಡಿನ ಹಿರಿಯರು: ಲಕ್ಷ್ಮಣರಾವ್ ಕಿರ್ಲೋಸ್ಕರ್



ಸಾಂಗ್ಲಿ, ಮಿರಜ್ ಗ್ಯಾರೇಜುಗಳಲ್ಲಿ ಹಳೆಯ ಫಿಯಟ್, ಅಂಬಾಸಡರ್ ಗಾಡಿ ಇಟ್ಟುಕೊಂಡವರು ಸೇರಿದರೆ ಒಂದು ವಾದ ಎದ್ದೇ ಏಳುತ್ತದೆ. ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಬೇಕೋ, ಬೇಡವೋ? ಪಾಯಿಂಟ್ ಸವೆಯುತ್ತದೆ, ಸುಡುತ್ತದೆ. ಅರ್ಧ ಮಿಲಿಮೀಟರಿಗೂ ಕಡಿಮೆ ಇರುವ ಅದರ ಅಂತರ ಸ್ವಲ್ಪ ಹೆಚ್ಚುಕಡಿಮೆಯಾದರೂ ಟೈಮಿಂಗ್ ತಪ್ಪುತ್ತದೆ. ಎಲೆಕ್ಟ್ರಾನಿಕ್ ಕಿಟ್‌ನಲ್ಲಿ ಈ ಸವೆತವಿಲ್ಲ. ಆದರೆ ಪಾಯಿಂಟ್ ಕೆಟ್ಟರೆ ರಸ್ತೆಬದಿಯಲ್ಲಿ ಉಜ್ಜಿ ಹೊಂದಿಸಿಕೊಂಡು ಊರು ಮುಟ್ಟಬಹುದು, ಮಾಡ್ಯೂಲ್ ಕೆಟ್ಟರೆ ಗಾಡಿ ಅಲ್ಲೇ ನಿಲ್ಲುತ್ತದೆ. ಹಳೆಯದನ್ನು ನಂಬಬೇಕೋ ಹೊಸದನ್ನೋ ಎಂಬ ಇದೇ ಪ್ರಶ್ನೆಯನ್ನು ನಮ್ಮ ಸೀಮೆಯ ಒಬ್ಬ ಹಿರಿಯರು ಜೀವನವಿಡೀ ಎದುರಿಸಿದರು. ಜೂನ್ 20 ಅವರ ಜನ್ಮದಿನ. ಅದರ ನಿಮಿತ್ತ ಈ ಪರಿಚಯ.

ಲಕ್ಷ್ಮಣರಾವ್ ಕಾಶಿನಾಥ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಸವದತ್ತಿ ಬಳಿಯ ಗುರ್ಲಹೊಸೂರಿನಲ್ಲಿ. ಮನೆತನ ಮರಾಠಿ, ನೆಲ ಕನ್ನಡದ್ದು. ತಂದೆ ವೇದಾಂತದಲ್ಲಿ ಪಂಡಿತರು. ಮಗನ ಮನಸ್ಸು ಮಾತ್ರ ಚಿತ್ರ ಮತ್ತು ಯಂತ್ರಗಳ ಕಡೆಗಿತ್ತು. ಮುಂಬಯಿಯ ಜೆ.ಜೆ. ಕಲಾಶಾಲೆಗೆ ಸೇರಿ ಬಣ್ಣದ ಚಿತ್ರ ಕಲಿಯತೊಡಗಿದ ಮೇಲೆ ಒಂದು ಸತ್ಯ ಹೊರಬಿತ್ತು: ಅವರ ಕಣ್ಣಿಗೆ ಕೆಲವು ಬಣ್ಣಗಳ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಚಿತ್ರಕಾರನಾಗುವ ಆಸೆ ಅಲ್ಲಿಗೇ ಮುಗಿಯಿತು. ಗೆರೆಯ ಮೇಲಿನ ಹಿಡಿತ ಉಳಿದಿತ್ತು. ಅದನ್ನೇ ಆಧಾರ ಮಾಡಿಕೊಂಡು ಯಂತ್ರಗಳ ರೇಖಾಚಿತ್ರ ಕಲಿತರು, ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದನ್ನೇ ಕಲಿಸುವ ಶಿಕ್ಷಕರಾದರು. ಬಿಡುವಿನಲ್ಲಿ ಅಲ್ಲಿನ ಯಂತ್ರಶಾಲೆಯಲ್ಲಿ ಕೈಕೆಲಸವನ್ನೂ ಕಲಿತರು.

ಮುಂಬಯಿಯಲ್ಲಿ ಸೈಕಲ್ ಹೊಸದಾಗಿ ಕಾಣಿಸಿಕೊಂಡ ಕಾಲ ಅದು. ಲಕ್ಷ್ಮಣರಾಯರು ಸೈಕಲ್ ಕೊಂಡು ಬೆಳಗಾವಿಗೆ ಕಳಿಸುವುದು, ಅಣ್ಣ ರಾಮುಅಣ್ಣ ಅಲ್ಲಿ ಮಾರುವುದು, ಕೊಂಡವರಿಗೆ ಓಡಿಸಲು ಕಲಿಸುವುದು. ಹೀಗೆ ಅಣ್ಣತಮ್ಮಂದಿರ ವ್ಯಾಪಾರ ಆರಂಭವಾಯಿತು. ಮುಂದೆ ಸಂಸ್ಥೆಯಲ್ಲಿ ತಮಗೆ ಬರಬೇಕಾಗಿದ್ದ ಬಡ್ತಿ ಬೇರೊಬ್ಬರಿಗೆ ಹೋದಾಗ ನೌಕರಿ ಬಿಟ್ಟು ಬೆಳಗಾವಿಗೆ ಬಂದರು. ಇಂದಿಗೂ ಬೆಳಗಾವಿ ಪೇಟೆಯಲ್ಲಿ ಕಿರ್ಲೋಸ್ಕರ್ ರಸ್ತೆ ಎಂಬ ಹೆಸರಿದೆ.

ಸೈಕಲ್ ರಿಪೇರಿಯ ಅಂಗಡಿ ಸಣ್ಣ ಕಾರ್ಖಾನೆಯಾಯಿತು. ಮೊದಲು ಮೇವು ಕತ್ತರಿಸುವ ಯಂತ್ರ ಮಾಡಿದರು, ಆಮೇಲೆ ಕಬ್ಬಿಣದ ರಂಟೆ. ಕಟ್ಟಿಗೆಯ ರಂಟೆಯಿಂದಲೇ ತಲೆತಲಾಂತರ ಉತ್ತ ರೈತರಿಗೆ ಕಬ್ಬಿಣ ನೆಲಕ್ಕೆ ವಿಷ ಎಂಬ ಭಯ. ಮೊದಲ ರಂಟೆಗಳು ಮಾರಾಟವಾಗಲು 2 ವರ್ಷವೇ ಹಿಡಿಯಿತು. ಲಕ್ಷ್ಮಣರಾಯರು ರೈತರನ್ನು ಹಳಿಯಲಿಲ್ಲ. ಹೊಲದಲ್ಲಿ ಉತ್ತು ತೋರಿಸಿದರು, ಬಂದ ದೂರು ಕೇಳಿ ತಿದ್ದಿದರು. ರೈತನ ಕೈಗೆ ಬಂದ ಹೊಸ ವಸ್ತು ಅವನ ಹೊಲದಲ್ಲೇ ತನ್ನ ಯೋಗ್ಯತೆ ತೋರಿಸಬೇಕು ಎಂಬುದು ಅವರ ದಾರಿಯಾಗಿತ್ತು.

ವ್ಯಾಪಾರ ಕೈಹಿಡಿಯುವ ಹೊತ್ತಿಗೆ ಬೆಳಗಾವಿಯಲ್ಲಿ ಊರು ಬೆಳೆಸುವ ಯೋಜನೆಗಾಗಿ ಕಾರ್ಖಾನೆಯ ಜಾಗ ಬಿಡಬೇಕಾಯಿತು. ದುಡಿದು ಕಟ್ಟಿದ್ದು ಕೈತಪ್ಪುವ ಹೊತ್ತು. ಆಗ ನೆರವಿಗೆ ಬಂದವರು ಔಂಧ ಸಂಸ್ಥಾನದ ಅರಸರಾದ ಬಾಳಾಸಾಹೇಬ ಪಂತಪ್ರತಿನಿಧಿ. ಅವರು ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ಜಮೀನು ಕೊಟ್ಟು, 10,000 ರೂಪಾಯಿ ಸಾಲವನ್ನೂ ಕೊಟ್ಟರು. ಜಮೀನು ಎಂದರೆ ಕಳ್ಳಿ ಬೆಳೆದ ಬರಡು ಬಯಲು, ಹಾವುಗಳ ಬೀಡು. 1910ರಲ್ಲಿ ಕೆಲವೇ ಕೆಲಸಗಾರರು ಮತ್ತು ಅವರ ಸಂಸಾರಗಳೊಂದಿಗೆ ಅಲ್ಲಿಗೆ ಹೋಗಿ, ಕಳ್ಳಿ ಕಡಿದು ಮನೆ ಕಟ್ಟಿ ಭಟ್ಟಿ ಹೊತ್ತಿಸಿದರು. ಮಿರಜ್‌ನಿಂದ ಪುಣೆಯ ಕಡೆ ಹೊರಟ ರೈಲು ಸಾಂಗ್ಲಿ, ಭಿಲವಡಿ ದಾಟಿದ ಮೇಲೆ ಸಿಗುವ ಕಿರ್ಲೋಸ್ಕರವಾಡಿ ಅದೇ.

ಅದೇ 1910ರಲ್ಲಿ ಅಮೆರಿಕದಲ್ಲಿ ಚಾರ್ಲ್ಸ್ ಕೆಟರಿಂಗ್ ಎಂಬ ಎಂಜಿನಿಯರ್ ರೂಪಿಸಿದ ಬ್ಯಾಟರಿ, ಕಾಯಿಲ್, ಪಾಯಿಂಟುಗಳ ಇಗ್ನಿಷನ್ ಕ್ಯಾಡಿಲಾಕ್ ಕಾರುಗಳಲ್ಲಿ ಬಂದಿತು. ನಮ್ಮ ಹಳೆಯ ಗಾಡಿಗಳಲ್ಲಿ ಇಂದಿಗೂ ಟಕಟಕ ಅನ್ನುತ್ತಿರುವ ಪಾಯಿಂಟ್ ಆ ವಂಶದ್ದೇ. ಒಮ್ಮೆ ಅದೂ ಹೊಸದಾಗಿತ್ತು, ಮ್ಯಾಗ್ನೆಟೋ ನಂಬಿದವರು ಅದನ್ನೂ ಸಂಶಯದಿಂದ ನೋಡಿದ್ದರು.

ಮೊದಲ ಮಹಾಯುದ್ಧದಲ್ಲಿ ಕಬ್ಬಿಣ, ಕಲ್ಲಿದ್ದಲು ಸಿಗದಂತಾಯಿತು. ಲಕ್ಷ್ಮಣರಾಯರು ಇದ್ದಿಲಿನಿಂದ ಭಟ್ಟಿ ನಡೆಸಿದರು. ಕೊಲ್ಲಾಪುರದ ಶಾಹು ಮಹಾರಾಜರಿಂದ ಹಳೆಯ ತೋಪುಗಳನ್ನು ಪಡೆದು ಕರಗಿಸಿ ರಂಟೆ ಮಾಡಿದರು. 1920ರಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ನೋಂದಾಯಿತ ಕಂಪನಿಯಾಯಿತು. ಕಬ್ಬಿನ ಗಾಣ ಬಂತು, ನೀರೆತ್ತುವ ಪಂಪು ಬಂತು. ಎತ್ತು ಕಟ್ಟಿ ತೊಗಲಿನ ಚೀಲದಲ್ಲಿ ಕಪಿಲೆಯಿಂದ ನೀರೆತ್ತುತ್ತಿದ್ದ ಕೃಷ್ಣಾ ತೀರದ ರೈತರಿಗೆ ಅದು ದೊಡ್ಡ ಬದಲಾವಣೆ.

ಕಾರ್ಖಾನೆಯ ಊರನ್ನೂ ಅವರು ಯಂತ್ರದಷ್ಟೇ ಕಾಳಜಿಯಿಂದ ಕಟ್ಟಿದರು. ಅಸ್ಪೃಶ್ಯತೆಗೆ ಅಲ್ಲಿ ಜಾಗವಿರಲಿಲ್ಲ. ಕಳ್ಳರೆಂದು ಊರು ದೂರವಿಟ್ಟಿದ್ದವರನ್ನೇ ರಾತ್ರಿ ಕಾವಲಿಗೆ ಇಟ್ಟುಕೊಂಡರು.

ಮಗ ಶಂತನುರಾವ್ ಅಮೆರಿಕದ ಎಂಐಟಿಯಲ್ಲಿ ಓದಿ ಬಂದು ಉದ್ಯಮವನ್ನು ಹಬ್ಬಿಸಿದರು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್, 1946ರಲ್ಲಿ ಬೆಂಗಳೂರಿನಲ್ಲಿ ವಿದ್ಯುತ್ ಯಂತ್ರಗಳ ಕಂಪನಿ, ಪುಣೆಯಲ್ಲಿ ಆಯಿಲ್ ಎಂಜಿನ್ ಕಾರ್ಖಾನೆ. ಡೀಸೆಲ್ ಎಂಜಿನ್ನಿನಲ್ಲಿ ಪಾಯಿಂಟೂ ಇಲ್ಲ, ಪ್ಲಗ್ಗೂ ಇಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಕಾವಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಬಾವಿದಂಡೆಯಲ್ಲಿ ಸವೆತ, ರಿಪೇರಿ ಕಡಿಮೆ ಬೇಕಾಗಿದ್ದ ರೈತನಿಗೆ ಅದು ಒಪ್ಪಿತು. ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ತೀರಿಕೊಂಡರು. ಜನ್ಮಶತಮಾನೋತ್ಸವದ 1969ರಲ್ಲಿ ಅಂಚೆ ಇಲಾಖೆ ಅವರ ನೆನಪಿಗೆ ಚೀಟಿ ಹೊರತಂದಿತು.

ಗುರ್ಲಹೊಸೂರು, ಬೆಳಗಾವಿ ಇಂದು ಕರ್ನಾಟಕದಲ್ಲಿವೆ, ಕಿರ್ಲೋಸ್ಕರವಾಡಿ ಮಹಾರಾಷ್ಟ್ರದಲ್ಲಿದೆ. ಅವರನ್ನು ಯಾರ ಪಾಲಿಗೆ ಬರೆದುಕೊಳ್ಳಬೇಕು ಎಂಬ ಜಗಳ ನಮಗೆ ಬೇಡ. ಗಡಿಯ ಎರಡೂ ಕಡೆಯ ಹೊಲಗಳಲ್ಲಿ ಅವರ ರಂಟೆ ಉತ್ತಿದೆ, ಎರಡೂ ಕಡೆಯ ಬಾವಿಗಳಲ್ಲಿ ಅವರ ಪಂಪು ನೀರೆತ್ತಿದೆ.

ಇನ್ನು ಗ್ಯಾರೇಜಿನ ವಾದ. ರಂಟೆಯ ಕಥೆ ನೆನೆದರೆ ಉತ್ತರ ಕಷ್ಟವಲ್ಲ. ಎಂಜಿನ್ ಹಳೆಯದೇ ಇರಲಿ, ಸವೆಯುವ ಭಾಗ ಬದಲಾಗಲಿ. ಕಿಟ್ ಹಾಕಿಸಿದವರು ಮೊದಲು ಊರೊಳಗೇ ಕೆಲವು ದಿನ ಓಡಿಸಿ ನೋಡಲಿ. ತೆಗೆದ ಪಾಯಿಂಟ್, ಕಂಡೆನ್ಸರ್ ಬಿಸಾಡದೆ ಡಿಕ್ಕಿಯಲ್ಲಿ ಇಟ್ಟುಕೊಳ್ಳಲಿ. ಹೊಸದು ತನ್ನ ಯೋಗ್ಯತೆ ತೋರಿಸುವವರೆಗೆ ಹಳೆಯದಕ್ಕೂ ಜಾಗವಿರಲಿ.

ರೈಲಿನಲ್ಲಿ ಪುಣೆಗೆ ಹೋಗುವ ಸದಸ್ಯರು ಈ ಸಲ ಕಿರ್ಲೋಸ್ಕರವಾಡಿ ಬಂದಾಗ ಕಿಟಕಿಯಾಚೆ ಒಮ್ಮೆ ನೋಡಿ, ಜೊತೆಗಿರುವ ಮಕ್ಕಳಿಗೆ ಈ ಕಥೆ ಹೇಳಿ.