ಮಿಸ್ ಮೇರಿ ರೀಡ್

ಅಮೇರಿಕದ ಒಹಾಯೊ ಸಂಸ್ಥಾನದಲ್ಲಿ 1854ರಲ್ಲಿ ಜನಿಸಿದ ಮೇರಿ ರೀಡ್ ಎಂಬಾಕೆಯು ನಮ್ಮಂತೆಯೇ ಉಪಾಧ್ಯಾಯಿನಿಯಾಗಿದ್ದು, 1884ರಲ್ಲಿ ಮಿಷನ್ ಸೇವೆಗಾಗಿ ಹಿಂದೂದೇಶಕ್ಕೆ ಬಂದಳು. ದೇಹಸ್ಥಿತಿ ಕೆಟ್ಟು 1890ರಲ್ಲಿ ಸ್ವದೇಶಕ್ಕೆ ಮರಳಿದಾಗ, ತನ್ನ ಬೆರಳಿನ ಜೋಮೂ ಕೆನ್ನೆಯ ಮೇಲಣ ಮಚ್ಚೆಯೂ ಕುಷ್ಠದ ಗುರುತುಗಳೆಂದು ಆಕೆಗೆ ಹೊಳೆಯಿತು, ವೈದ್ಯರೂ ಹೌದೆಂದರು. ಒಬ್ಬ ಸಹೋದರಿಗೆ ಮಾತ್ರ ಇದನ್ನು ತಿಳಿಸಿ, ಹೆತ್ತ ತಾಯಿಗೂ ಹೇಳದೆ ಪುನಃ ಹಡಗನ್ನೇರಿದಳು. ಇದು ಯುಕ್ತವೋ ಅಲ್ಲವೋ, ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರೇ ನಿರ್ಣಯಿಸಲಿ. 1891ರಲ್ಲಿ ಹಿಮಾಲಯ ಪ್ರಾಂತದ ಪಿಥೋರಾಗಢದ ಬಳಿ, ಚಂಡಾಕ್ ಬೆಟ್ಟದ ಮೇಲಣ ಕುಷ್ಠಾಶ್ರಮವು ಆಕೆಯ ವಶಕ್ಕೆ ಬಂದಿತು. ಅಲ್ಲಿಯ ರೋಗಿಗಳ ನಡುವೆ, ತಾನೂ ಅವರಲ್ಲೊಬ್ಬಳೆಂದು ಬಲ್ಲವಳಾಗಿಯೇ, ಆಕೆಯು ನೆಲಸಿದಳು. ರೋಗವು ಬಹುಕಾಲ ಅಡಗಿಯೇ ಇದ್ದಿತು. 1943ರಲ್ಲಿ, 88ನೆಯ ವಯಸ್ಸಿನಲ್ಲಿ, ಆಕೆಯು ಚಂಡಾಕಿನಲ್ಲಿಯೇ ಕಣ್ಣು ಮುಚ್ಚಿದಳು.