ವಿಲಿಯಂ ಪೆನ್ನನೂ ಹನ್ನೆರಡು ಮಂದಿ ಜ್ಯೂರಿಗಳೂ

ವಿಲಿಯಂ ಪೆನ್ ಪೆನ್ಸಿಲ್ವೇನಿಯಾದ ಸ್ಥಾಪಕನೆಂಬುದನ್ನು ಇತಿಹಾಸದ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಪರೀಕ್ಷೆಗೆ ಅಷ್ಟು ಸಾಕು. ಆದರೆ ನನ್ನ ಮನಸ್ಸನ್ನು ಸೆಳೆದುದು ಆತನು 25ನೆಯ ವಯಸ್ಸಿನಲ್ಲಿ ಲಂಡನ್ನಿನ ಓಲ್ಡ್ ಬೇಯ್ಲಿ ನ್ಯಾಯಾಲಯದ ಕಟಕಟೆಯಲ್ಲಿ ನಿಂತ ಪ್ರಸಂಗ.

ಪೆನ್ ಹುಟ್ಟಿದ್ದು 1644ರಲ್ಲಿ, ನೌಕಾಸೇನಾಪತಿಯೊಬ್ಬನ ಮಗನಾಗಿ. ರಾಜಮಾನ್ಯ ಮತಾಚಾರಕ್ಕೆ ಒಗ್ಗದೆ ಆಕ್ಸ್‌ಫರ್ಡಿನಿಂದ ಹೊರದೂಡಲ್ಪಟ್ಟು, ಮುಂದೆ ಕ್ವೇಕರ್ ಪಂಥವನ್ನು ಸೇರಿದನು. ಮನುಷ್ಯರೆಲ್ಲರೂ ಸಮಾನರಾದ್ದರಿಂದ ಯಾರ ಮುಂದೆಯೂ ಟೊಪ್ಪಿ ತೆಗೆಯಬಾರದೆಂಬುದು ಆ ಪಂಥದವರ ಹಟ.

1670ರ ಆಗಸ್ಟ್ 14ರಂದು ಗ್ರೇಸ್‌ಚರ್ಚ್ ಬೀದಿಯ ಪ್ರಾರ್ಥನಾಮಂದಿರಕ್ಕೆ ಸೈನಿಕರು ಬೀಗ ಹಾಕಿದ್ದರು. ಪೆನ್ ಬೀದಿಯಲ್ಲೇ ನಿಂತು ಉಪದೇಶಿಸಿದನು. ಇಂಥ ಕೂಟಗಳನ್ನು ನಿಷೇಧಿಸಿದ್ದ ಕಾಯಿದೆಯ ಪ್ರಕಾರ ಉಪದೇಶಕನಿಗಿದ್ದ ದಂಡ 20 ಪೌಂಡು. ಅಷ್ಟಕ್ಕೆ ಅಧಿಕಾರಿಗಳಿಗೆ ತೃಪ್ತಿಯಾಗಲಿಲ್ಲ. ಆತನೂ ಜೊತೆಗಾರ ವಿಲಿಯಂ ಮೀಡನೂ ಶಸ್ತ್ರಬಲದಿಂದ ಅಕ್ರಮಕೂಟ ಸೇರಿಸಿ ದೊಂಬಿಯೆಬ್ಬಿಸಿದರೆಂದು ದೋಷಾರೋಪಣೆ ಬರೆದರು. ಆಯುಧ ಹಿಡಿಯುವುದೇ ಪಾಪವೆನ್ನುವವರ ಮೇಲೆ ಶಸ್ತ್ರಬಲದ ಆರೋಪ! ಇದು ಯಾವ ಕಾನೂನಿನ ಪ್ರಕಾರವೆಂದು ಪೆನ್ ಪಟ್ಟುಹಿಡಿದು ಕೇಳಿದಾಗ ನೇರವಾದ ಉತ್ತರ ದೊರೆಯಲಿಲ್ಲ. ಆತನನ್ನು ನ್ಯಾಯಾಲಯದ ಮೂಲೆಯ ಕಟ್ಟೆಗೆ ನೂಕಿದರು.

ನಮ್ಮ ದೇಶದ ಕ್ರಿಮಿನಲ್ ನ್ಯಾಯಾಲಯಗಳಲ್ಲಿ 1973ರ ಸಂಹಿತೆಯೊಡನೆ ಜ್ಯೂರಿ ಪದ್ಧತಿ ಕೊನೆಗೊಂಡದ್ದರಿಂದ ನಮಗೆ ಅದರ ಪರಿಚಯವಿಲ್ಲ. ತೀರ್ಪು ಹೇಳಬೇಕಾದ ಆ ಹನ್ನೆರಡು ಮಂದಿ ಸಾಮಾನ್ಯ ನಾಗರಿಕರು. ಪೆನ್ ಬೀದಿಯಲ್ಲಿ ಮಾತನಾಡಿದ್ದು ನಿಜ, ಅದಕ್ಕಿಂತ ಹೆಚ್ಚಿಲ್ಲ ಎಂದರು. ಕೋಪಗೊಂಡ ನ್ಯಾಯಾಧೀಶರು ಅನ್ನ, ನೀರು, ಬೆಂಕಿ ಯಾವುದೂ ಇಲ್ಲದೆ ಅವರನ್ನು ರಾತ್ರಿ ಕೂಡಿಹಾಕಿದರು. ಮರುದಿನವೂ ಅದೇ ಮಾತು. ಮತ್ತೆ ಅದೇ ಉಪವಾಸ. ಸೆಪ್ಟೆಂಬರ್ 5ರಂದು ಇಬ್ಬರೂ ನಿರ್ದೋಷಿಗಳೆಂದು ಸಾರಿದರು. ತಲಾ 40 ಮಾರ್ಕ್ ದಂಡ ಬಿತ್ತು. ಎಡ್ವರ್ಡ್ ಬುಷೆಲ್ ಮೊದಲಾದ ನಾಲ್ವರು ದಂಡ ಕಟ್ಟದೆ ಸೆರೆಮನೆಯಲ್ಲಿದ್ದುಕೊಂಡೇ ಮೇಲಿನ ನ್ಯಾಯಾಲಯಕ್ಕೆ ಹೋದರು. ತೀರ್ಪಿಗಾಗಿ ಜ್ಯೂರಿಗಳನ್ನು ಶಿಕ್ಷಿಸಲಾಗದೆಂದು ಮುಖ್ಯ ನ್ಯಾಯಾಧೀಶ ವಾನ್ ನಿರ್ಣಯಿಸಿದನು. ಈ ಕಥೆಯಲ್ಲಿ ಪೆನ್ನನಿಗಿಂತ ಬುಷೆಲನೇ ನನಗೆ ದೊಡ್ಡವನಾಗಿ ಕಾಣುತ್ತಾನೆ. ಮೊಕದ್ದಮೆ ಅವನದಾಗಿರಲಿಲ್ಲ.

ನಿರ್ದೋಷಿಯೆನಿಸಿಯೂ ಪೆನ್ ಬಿಡುಗಡೆಯಾಗಲಿಲ್ಲ. ಟೊಪ್ಪಿ ತೆಗೆಯದ ತಪ್ಪಿಗೆ ದಂಡವಿತ್ತು! ಅದನ್ನು ಕಟ್ಟಬೇಡಿರೆಂದು ಮರಣಶಯ್ಯೆಯಲ್ಲಿದ್ದ ತಂದೆಗೆ ಬರೆದನು. ಆದರೂ ದಂಡ ಪಾವತಿಯಾಯಿತು. ಮಗ ಮನೆಗೆ ಬಂದ ಕೆಲವೇ ದಿನಗಳಲ್ಲಿ ತಂದೆ ತೀರಿಕೊಂಡನು.

1682ರಲ್ಲಿ ತನ್ನ ಪ್ರಾಂತ್ಯಕ್ಕೆ ಶಾಸನ ಬರೆಯುವಾಗ, ಎಲ್ಲ ವಿಚಾರಣೆಗಳೂ ನೆರೆಹೊರೆಯ ಹನ್ನೆರಡು ಮಂದಿಯಿಂದಲೇ ನಡೆಯಬೇಕೆಂದು ಪೆನ್ ವಿಧಿಸಿದನು. ಅದೇ ಪ್ರಾಂತ್ಯದ ತನ್ನ ತೋಟದಲ್ಲಿ ಆತನು ಗುಲಾಮರನ್ನು ಇಟ್ಟುಕೊಂಡಿದ್ದನೆಂಬುದನ್ನು ಓದಿದ ದಿನ ನಾನು ಪುಸ್ತಕವನ್ನು ಮುಚ್ಚಿಟ್ಟಿದ್ದೆ. ಪೆನ್ 1718ರಲ್ಲಿ ಇಂಗ್ಲೆಂಡಿನಲ್ಲಿ ನಿಧನನಾದನು.