ಪರಮಾಣುಗಳನ್ನು ತೂಗಿದ ಉಪಾಧ್ಯಾಯನು: ಜಾನ್ ಡಾಲ್ಟನ್

ಕಲ್ಲು, ನೀರು, ಗಾಳಿ ಮೊದಲಾದ ಸಕಲ ಪದಾರ್ಥಗಳೂ ಕಣ್ಣಿಗೆ ಕಾಣದ ಕಣಗಳಿಂದಾದುವೆಂದು ನಮ್ಮ ದೇಶದ ಕಣಾದನೂ ಗ್ರೀಸ್ ದೇಶದ ಡೆಮೊಕ್ರಿಟಸನೂ ಪುರಾತನಕಾಲದಲ್ಲಿಯೇ ಊಹಿಸಿದ್ದರು. ಆ ಊಹೆಯನ್ನು ತೂಕಕ್ಕೂ ಲೆಕ್ಕಕ್ಕೂ ಒಳಪಡಿಸಿ ಶಾಸ್ತ್ರವನ್ನಾಗಿ ಮಾಡಿದವನು ಒಬ್ಬ ಸಾಮಾನ್ಯ ಉಪಾಧ್ಯಾಯನು. ಆತನ ಚರಿತ್ರೆಯನ್ನು ನಾವು ಇಲ್ಲಿ ಸಂಕ್ಷೇಪವಾಗಿ ಹೇಳುವೆವು.

ಜಾನ್ ಡಾಲ್ಟನನು 1766ನೆಯ ಇಸವಿಯಲ್ಲಿ ಉತ್ತರ ಇಂಗ್ಲೆಂಡಿನ ಈಗಲ್ಸ್‌ಫೀಲ್ಡ್ ಎಂಬ ಹಳ್ಳಿಯಲ್ಲಿ ನೇಕಾರನೊಬ್ಬನ ಮಗನಾಗಿ ಹುಟ್ಟಿದನು. ಮನೆಯವರು ಕ್ವೇಕರ್ ಪಂಥದ ಕ್ರೈಸ್ತರು. ಹನ್ನೆರಡನೆಯ ವಯಸ್ಸಿನಲ್ಲಿಯೇ ಬಾಲಕನು ಹಳ್ಳಿಯ ಮಕ್ಕಳಿಗೆ ಪಾಠ ಹೇಳತೊಡಗಿದನು. ಆಕ್ಸ್‌ಫರ್ಡ್, ಕೇಂಬ್ರಿಜ್ ವಿದ್ಯಾಪೀಠಗಳು ಆಗ ಇಂಗ್ಲೆಂಡಿನ ಅಧಿಕೃತ ಸಭೆಗೆ ಸೇರದವರಿಗೆ ಪದವಿಯನ್ನು ಕೊಡುತ್ತಿರಲಿಲ್ಲ. ಆದರೆ ಕೆಂಡಲ್ ಪಟ್ಟಣದಲ್ಲಿ ಜಾನ್ ಗಫ್ ಎಂಬ ಅಂಧ ಪಂಡಿತನು ಆತನಿಗೆ ಗುರುವಾಗಿ ದೊರೆತನು. ಗಣಿತವನ್ನೂ ಪ್ರಾಚೀನ ಭಾಷೆಗಳನ್ನೂ ಕಲಿಸಿದುದಲ್ಲದೆ, ಗಾಳಿಮಳೆಗಳ ದಿನಚರಿಯನ್ನು ಬರೆದಿಡುವ ಅಭ್ಯಾಸವನ್ನೂ ಆತನೇ ಮಾಡಿಸಿದನು. 1787ರಲ್ಲಿ ಆರಂಭವಾದ ಆ ದಿನಚರಿಯನ್ನು ಡಾಲ್ಟನನು 57 ವರ್ಷಗಳವರೆಗೂ ಬಿಡದೆ ನಡೆಯಿಸಿದನು.

1793ರಲ್ಲಿ ಮ್ಯಾಂಚೆಸ್ಟರ್ ನಗರಕ್ಕೆ ಹೋಗಿ ಕಾಲೇಜಿನಲ್ಲಿ ಬೋಧಿಸಿದನು. 1800ರಲ್ಲಿ ಅದನ್ನು ಬಿಟ್ಟಮೇಲೆ ಮನೆಪಾಠಗಳಿಂದ ಜೀವನ ಸಾಗಿಸಿದನು. ಆತನ ಕಣ್ಣುಗಳಿಗೆ ಬಣ್ಣಗಳ ಭೇದವು ಸರಿಯಾಗಿ ತಿಳಿಯುತ್ತಿರಲಿಲ್ಲ. ಈ ಕುಂದನ್ನು ಮರೆಮಾಡದೆ, 1794ರಲ್ಲಿ ಅದನ್ನೇ ವಿಷಯವಾಗಿಟ್ಟು ವಿದ್ವತ್ಸಭೆಯಲ್ಲಿ ಪ್ರಬಂಧವನ್ನೋದಿದನು.

ಗಾಳಿಯ ವಿಚಾರವೇ ಆತನನ್ನು ಪರಮಾಣುಗಳ ಕಡೆಗೆ ಒಯ್ದಿತು. ಇಂಗಾಲವು ಆಮ್ಲಜನಕದೊಡನೆ ಕೂಡಿ ಎರಡು ವಾಯುಗಳಾಗುತ್ತದೆ. ಇಂದಿನ ಲೆಕ್ಕದಂತೆ 12 ತೂಕ ಇಂಗಾಲಕ್ಕೆ 16 ತೂಕ ಆಮ್ಲಜನಕವು ಸೇರಿದರೆ ಪ್ರಾಣಾಂತಕವಾದ ವಿಷವಾಯು. 32 ತೂಕ ಸೇರಿದರೆ ನಾವು ಉಸಿರಿನೊಡನೆ ಹೊರಬಿಡುವ ವಾಯು. ಎರಡನೆಯದು ಮೊದಲನೆಯದಕ್ಕೆ ಸರಿಯಾಗಿ ಇಮ್ಮಡಿಯಾದುದೇಕೆ? ಪರಮಾಣು ಒಂದು ಸೇರಬಹುದು, ಎರಡು ಸೇರಬಹುದು, ಅರ್ಧವು ಸೇರಲಾರದು. ಒಂದು ಮೂಲವಸ್ತುವಿನ ಪರಮಾಣುಗಳೆಲ್ಲ ಸಮತೂಕದವು, ಬೇರೆ ಬೇರೆ ಮೂಲವಸ್ತುಗಳವು ಬೇರೆ ಬೇರೆ ತೂಕದವು ಎಂದು ಡಾಲ್ಟನನು ತರ್ಕಿಸಿ, 1803ರಲ್ಲಿ ಅವುಗಳ ತೂಕದ ಪಟ್ಟಿಯನ್ನು ಬರೆದನು; 1808ರಲ್ಲಿ ಗ್ರಂಥವನ್ನು ಪ್ರಕಟಿಸಿದನು.

ಆತನ ಮಾತೆಲ್ಲವೂ ನಿಲ್ಲಲಿಲ್ಲ. ನೀರಿನಲ್ಲಿ ಜಲಜನಕದ ಪರಮಾಣು ಒಂದೇ ಎಂದು ಎಣಿಸಿದ್ದನು. ಎರಡೆಂದು ಅನಂತರ ತಿಳಿಯಿತು. ಒಂದೇ ಮೂಲವಸ್ತುವಿನ ಪರಮಾಣುಗಳಲ್ಲಿಯೂ ತೂಕದ ಭೇದವುಂಟೆಂದೂ, ಪರಮಾಣುವಿನೊಳಗೆ ಇನ್ನೂ ಸಣ್ಣ ಕಣಗಳಿವೆಯೆಂದೂ ಮುಂದಿನವರು ಕಂಡರು. ಆದರೂ ರಸಾಯನಶಾಸ್ತ್ರದ ಮನೆಯು ಆತನ ಅಡಿಗಲ್ಲಿನ ಮೇಲೆಯೇ ನಿಂತಿದೆ.

ಪದವಿಯಿಲ್ಲದ ಡಾಲ್ಟನನಿಗೆ 1832ರಲ್ಲಿ ಆಕ್ಸ್‌ಫರ್ಡ್ ತಾನಾಗಿಯೇ ಗೌರವಪದವಿಯನ್ನಿತ್ತಿತು. ಆಮೇಲೆಯೂ ಆತನು ಮಕ್ಕಳಿಗೆ ಲೆಕ್ಕ ಕಲಿಸುವುದನ್ನು ಬಿಡಲಿಲ್ಲ. ಶಾಸ್ತ್ರಜ್ಞನಾಗಿ ಹೆಸರಾದ ಜೂಲನು ಆತನ ಶಿಷ್ಯನೇ. 1844ನೆಯ ಜುಲೈ 27ರಂದು ಡಾಲ್ಟನನು ದೈವಾಧೀನನಾದನು. ಹಿಂದಿನ ಸಂಜೆಯೂ ನಡುಗುವ ಕೈಯಿಂದ ದಿನಚರಿಯನ್ನು ಬರೆದಿದ್ದನು. ಅಂತಿಮದರ್ಶನಕ್ಕೆ ಸುಮಾರು 40,000 ಜನರು ಬಂದರು. ಮರಣಾನಂತರ ಪರೀಕ್ಷಿಸುವುದಕ್ಕಾಗಿ ಆತನು ಬಿಟ್ಟುಹೋದ ಕಣ್ಣುಗಳಿಂದಲೇ 1995ರಲ್ಲಿ ಆತನ ದೃಷ್ಟಿದೋಷದ ಕಾರಣವು ನಿಶ್ಚಯವಾಯಿತು.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಉಪಾಧ್ಯಾಯಿನಿಯರು ಅನೇಕರು. ಹೆತ್ತವರೂ ಮಕ್ಕಳ ಮೊದಲನೆಯ ಗುರುಗಳೇ. ಕಣ್ಣಿಲ್ಲದ ಗುರುವು ಕಲಿಸಿದ ದಿನದಿನದ ನಿಷ್ಠೆಯೇ ಬಣ್ಣ ಕಾಣದ ಶಿಷ್ಯನಿಗೆ ಜಗತ್ತಿನ ಗುಟ್ಟನ್ನು ಕಾಣಿಸಿತೆಂಬುದನ್ನು ನಾವು ಮರೆಯದಿರೋಣ.